ಗಲ್ಲಾದಿಂದ ಟ್ರಸ್ಟಿಗೆ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಅಪ್ಪ ಶುರು ಮಾಡಿದ್ದು ಕಾಫಿ, ಮೆಣಸಿನ ವ್ಯಾಪಾರ. ವ್ಯಾಪಾರ ಎಷ್ಟು ಹಳೆಯದೋ ದಾನವೂ ಅಷ್ಟೇ ಹಳೆಯದು. ಜಾತ್ರೆ ಚಂದಾ, ಆಪರೇಷನ್ ಖರ್ಚು, ಕಾಲೇಜು ಫೀಸು, ಕಬಡ್ಡಿಗೆ ಕಪ್ಪು, ಯಾರು ಬಂದರೂ ಗಲ್ಲಾ ತೆಗೆದು ಕೊಡುತ್ತಿದ್ದರು. ಲೆಕ್ಕ ಬರೆಯುವವಳು ನಾನು. ಪುಸ್ತಕದಲ್ಲಿ ‘ದಾನ’ ಅಂತ ಒಂದೇ ಸಾಲು. ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ, ಇದು ಅವರ ಕಾಲಕ್ಕೇ ನಿಂತು ಹೋಗಬಾರದು ಅಂತ ಟ್ರಸ್ಟ್ ಮಾಡಲು ಹೊರಟೆವು.

ಕಾಗದದ ಕೆಲಸ ಜನ ಹೆದರಿಸುವಷ್ಟು ದೊಡ್ಡದಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಣಿ, ಆಮೇಲೆ ಪಾನ್, ಬ್ಯಾಂಕ್ ಖಾತೆ, 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ). ಒಳ್ಳೆ ಆಡಿಟರ್ ಇದ್ದರೆ ಆಗಿಬಿಡುತ್ತದೆ. ತಲೆಬಿಸಿ ಇರುವುದು ಡೀಡಿನಲ್ಲಿ ಏನು ಬರೆಯಬೇಕು ಅನ್ನುವುದರಲ್ಲಿ.

ಮೊದಲು ದುಡ್ಡಿನ ಮೂಲ. ಟಾಟಾ ಸನ್ಸ್‌ನ ಶೇ. 66ರಷ್ಟು ಷೇರು ಟಾಟಾ ಟ್ರಸ್ಟ್‌ಗಳ ಹತ್ತಿರ ಇದೆಯಲ್ಲ, ನಾವೂ ಕಂಪನಿ ಷೇರನ್ನೇ ಟ್ರಸ್ಟಿಗೆ ಹಾಕೋಣ ಅಂದ ತಮ್ಮ. ಅದು ಹಳೆ ಕಾಲದ ಕಥೆ, ಈಗ ಹಾಗೆ ಮಾಡಿದರೆ ತೆರಿಗೆ ವಿನಾಯಿತಿಗೇ ಕುತ್ತು ಅಂದರು ಆಡಿಟರ್. ಕೊನೆಗೆ ಅಪ್ಪ ಒಂದು ಗೋಡೌನನ್ನು ಟ್ರಸ್ಟಿನ ಹೆಸರಿಗೆ ಮಾಡಿಕೊಟ್ಟರು. ಅದರ ಬಾಡಿಗೆಯೇ ಟ್ರಸ್ಟಿನ ಆದಾಯ. ಸಹಿ ಹಾಕುವ ಮುಂಚೆ, ‘ನಾಳೆ ಟ್ರಸ್ಟ್ ಮುಚ್ಚಿದರೆ?’ ಅಂತ ಕೇಳಿದರು. ‘ಇಂಥದ್ದೇ ಕೆಲಸ ಮಾಡುವ ಇನ್ನೊಂದು ಟ್ರಸ್ಟಿಗೆ ಹೋಗುತ್ತೆ ಯಜಮಾನ್ರೇ, ಮನೆಗೆ ವಾಪಸ್ ಬರಲ್ಲ’ ಅಂದರು ಆಡಿಟರ್. ಅಪ್ಪ ಡೀಡನ್ನು ಇನ್ನೊಂದು ಸಲ ಓದಿ ಸಹಿ ಹಾಕಿದರು.

ಸಿಎಸ್‌ಆರ್ ಮಾಡ್ತಿದ್ದೀರಾ ಅಂತ ಈಗಲೂ ಜನ ಕೇಳುತ್ತಾರೆ. ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು ಅನ್ನುವ ಆ ನಿಯಮ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಕಾಣುವಂಥ ದೊಡ್ಡ ಕಂಪನಿಗಳ ಮಾತು. ನಮಗೆ ಆ ಕಾನೂನಿನ ಹಂಗಿಲ್ಲ.

ಆಮೇಲೆ ಯಾರಿಗೆ ಕೊಡಬೇಕು ಅನ್ನುವುದು. ಅಪ್ಪನ ಸ್ನೇಹಿತರೊಬ್ಬರು ‘ನಮ್ಮವರಿಗೆ ಮಾತ್ರ ಅಂತ ಬರೆಸಿಬಿಡಿ’ ಅಂದರು. ಒಂದೇ ಜಾತಿಗೆ ಅಂತ ಬರೆದರೆ ವಿನಾಯಿತಿ ಸಿಗುವುದಿಲ್ಲ, ಹೆಣ್ಣುಮಕ್ಕಳಿಗೆ ಅಂತ ಬೇಕಾದರೆ ಬರೆಯಬಹುದು. ನನಗೆ ಅದೇ ಬೇಕಿತ್ತು. ಚಿಕ್ಕಪ್ಪ ಮೊಮ್ಮಗನ ಎಂಜಿನಿಯರಿಂಗ್ ಫೀಸು ಟ್ರಸ್ಟಿನಿಂದ ಕೊಡಿ ಅಂದಾಗಲೂ ಕಾನೂನೇ ಕಾಪಾಡಿತು. ಟ್ರಸ್ಟ್ ಮಾಡಿದವರ ನೆಂಟರಿಗೆ ಅದರ ದುಡ್ಡು ಹೋಗುವಂತಿಲ್ಲ. ಒಂದಷ್ಟು ದಿನ ಮಾತು ಬಿಟ್ಟರು, ಆಮೇಲೆ ಸರಿಹೋದರು.

ನಾವು ಹಿಡಿದ ಕೆಲಸ ಪಿಯುಸಿ ಹುಡುಗಿಯರ ಓಡಾಟದ ಖರ್ಚು. ಕೇಳಿದವರಿಗೆಲ್ಲ ಸಣ್ಣದಾಗಿ ಕಂಡಿತು. ಶಾಲೆಗೆ ಕೊಠಡಿ ಕಟ್ಟಿಸಿದರೆ ಕಲ್ಲಿನ ಮೇಲೆ ಹೆಸರು ಬರುತ್ತೆ, ಜೀಪಿನ ಬಾಡಿಗೆಗೆ ಯಾರು ಕಲ್ಲು ಹಾಕಿಸುತ್ತಾರೆ? ಆದರೆ ಮೂಡಿಗೆರೆ, ಕೊಪ್ಪದ ಒಳಗಿನ ಊರುಗಳನ್ನು ನೋಡಿದವರಿಗೆ ವಿಷಯ ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ನಿಜ. ಸರ್ಕಾರಿ ಬಸ್ಸೇ ಬಾರದ ಊರಿನವರು ಏನು ಮಾಡಬೇಕು? ಈ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಕಾರ್ಮಿಕರೇ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತಿತು. ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಟಾರ್ ರಸ್ತೆಗೆ ಬರುವುದೇ ಒಂದು ಪ್ರಯಾಣ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಸುಮ್ನೆ ಮನೆಯಲ್ಲಿ ಉಳಿಯುವುದು ಇದಕ್ಕೇ.

ಹಾಗಾಗಿ ಲೈನ್ ಮನೆಯಿಂದ ಬಸ್ ಸ್ಟಾಪಿನವರೆಗೆ ಜೀಪು, ಅಲ್ಲಿಂದ ಖಾಸಗಿ ಬಸ್ಸಿನ ಪಾಸು. ಜೀಪು ಹಳದಿ ಬೋರ್ಡಿನದ್ದೇ ಆಗಬೇಕು ಅಂತ ಪಟ್ಟು ಹಿಡಿದೆ. ವೈಟ್ ಬೋರ್ಡ್ ಕಮ್ಮಿಗೆ ಸಿಗುತ್ತೆ, ಆದರೆ ಏನಾದರೂ ಆದರೆ ಇನ್ಶೂರೆನ್ಸ್ ಬರಲ್ಲ. ಬಾಡಿಗೆ ತಿಂಗಳಿಗೊಮ್ಮೆ ಜೀಪಿನವರ ಖಾತೆಗೆ ಹೋಗುತ್ತದೆ. ಯಾರ ಕೈಗೂ ನಗದು ಕೊಡುವುದಿಲ್ಲ. ಪ್ರಿನ್ಸಿಪಾಲರಿಂದ ಹಾಜರಾತಿ ಚೀಟಿ ತರಿಸಿ ಬಿಲ್ಲಿನ ಜೊತೆ ಪಿನ್ ಮಾಡಿಡುತ್ತೇನೆ. ಆಡಿಟ್ ದಿನ ಇದರಷ್ಟು ಉಪಕಾರ ಮಾಡುವ ಕಾಗದ ಬೇರೆ ಇಲ್ಲ.

ಲೆಕ್ಕದಲ್ಲಿ ಒಂದು ತೊಡಕಿದೆ. ಟ್ರಸ್ಟಿನ ಆದಾಯದಲ್ಲಿ ಶೇ. 85 ಅದೇ ವರ್ಷ ಖರ್ಚಾಗಬೇಕು. ಗೋಡೌನ್ ಬಾಡಿಗೆ ಹನ್ನೆರಡು ತಿಂಗಳೂ ಬರುತ್ತೆ, ಜೀಪು ಮಾತ್ರ ರಜೆಯಲ್ಲಿ ನಿಲ್ಲುತ್ತೆ. ಮಾರ್ಚ್‌ನಲ್ಲಿ ದುಡ್ಡು ಉಳಿದರೆ ಇಂಥದ್ದಕ್ಕೆ ಅಂತ ಕಾರಣ ಬರೆದುಕೊಟ್ಟು ಐದು ವರ್ಷದವರೆಗೆ ತೆಗೆದಿಡಬಹುದು. ಈ ಸಲ ಉಳಿದದ್ದನ್ನು ಕಳಸದ ಕಡೆಯ ಹುಡುಗಿಯರ ಹಾಸ್ಟೆಲ್ ಖರ್ಚಿಗೆ ಅಂತ ಬರೆದಿದ್ದೇವೆ. ಅಷ್ಟು ದೂರದಿಂದ ದಿನಾ ಓಡಾಡಿ ಓದುವುದು ಆಗದ ಮಾತು.