ಮೆಷಿನ್ ಅಂಕಿ ಮೊದಲು ಆಪರೇಟರ್‌ಗೇ ಕಾಣಬೇಕು: ಹೊಸೂರಿನಲ್ಲಿ ನನ್ನ ಅನುಭವ

ತಮಿಳುನಾಡಿನ ಹೊಸೂರಿನಲ್ಲಿ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿರುವ ಊರು ಇದು, ಬಿಡಿಭಾಗ ಮಾಡುವ ನಮ್ಮಂಥ ಸಣ್ಣ ಶೆಡ್‌ಗಳು ಇಲ್ಲಿ ಜಾಸ್ತಿ. ನಮ್ಮಲ್ಲಿ ತಳಿ, ಡೆಂಕಣಿಕೋಟೆ ಕಡೆಯ ಕನ್ನಡದವರಿದ್ದಾರೆ, ತೆಲುಗು, ತಮಿಳು ಮಾತಾಡುವವರಿದ್ದಾರೆ, ಒಡಿಶಾದಿಂದ ಬಂದ ಹುಡುಗರೂ ಇದ್ದಾರೆ.

ಯಾವ ಮೆಷಿನ್ ಎಷ್ಟು ಹೊತ್ತು ಓಡುತ್ತದೆ, ಯಾಕೆ ನಿಲ್ಲುತ್ತದೆ ಅಂತ ಅಂಕಿಯಲ್ಲಿ ತಿಳಿಯಲು ಸೆನ್ಸರ್ ಹಾಕಲು ಹೊರಟೆವು. ಹಳೆಯ ಸಿಎನ್‌ಸಿ ಲೇತ್‌ಗಳಿಗೆ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್‌ಗಳಿಗೆ) ಅದನ್ನು ಹಾಕುವುದು ದೊಡ್ಡ ಕೆಲಸ ಅಲ್ಲ. ಮೆಷಿನ್ ಮೇಲಿನ ಮೂರು ಬಣ್ಣದ ದೀಪದಿಂದ ಸಿಗ್ನಲ್ ತೆಗೆದುಕೊಂಡರೆ ಅದು ಓಡುತ್ತಿದೆಯೋ, ನಿಂತಿದೆಯೋ ಗೊತ್ತಾಗುತ್ತದೆ. ಕಷ್ಟ ಇದ್ದದ್ದು ಜನರ ಮನಸ್ಸಿನಲ್ಲಿ. ವೈರ್ ಎಳೆಯುವ ಮೊದಲೇ ಸುದ್ದಿ ಹಬ್ಬಿತ್ತು: ಇದು ಟಾಯ್ಲೆಟ್‌ಗೆ ಹೋದ ನಿಮಿಷವನ್ನೂ ಲೆಕ್ಕ ಹಾಕಿ ಸಂಬಳ ಕತ್ತರಿಸುವ ಯಂತ್ರ ಅಂತ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಬೇರೆ ಕಡೆ ಕೆಲಸ ಮಾಡಿ ಬಂದವರು ಅದನ್ನು ಅನುಭವಿಸಿದ್ದರು.

ಅದಕ್ಕೇ ಮಾಲೀಕರ ಹತ್ತಿರ ಒಂದೇ ಮಾತು ಕೇಳಿದೆ. ಈ ಅಂಕಿ ಹಿಡಿದು ಯಾರಿಗೂ ಮೆಮೊ ಕೊಡಬಾರದು, ಯಾರ ಸಂಬಳಕ್ಕೂ ಕೈ ಹಾಕಬಾರದು. ಅವರು ಒಪ್ಪಿದರು. ಶಿಫ್ಟ್ ಬದಲಾಗುವ ಹೊತ್ತಿಗೆ ತಾವೇ ಬಂದು, ಎಲ್ಲರ ಮುಂದೆ ನಿಂತು ಅದನ್ನು ಹೇಳಿದರು. ನಾನು ನೂರು ಸಲ ಹೇಳಿದ್ದರೂ ಅಷ್ಟು ನಂಬಿಕೆ ಬರುತ್ತಿರಲಿಲ್ಲ.

ಸ್ಕ್ರೀನನ್ನು ಆಫೀಸಿನಲ್ಲಿ ಇಡಲಿಲ್ಲ, ಮೆಷಿನ್ ಪಕ್ಕದಲ್ಲೇ ಇಟ್ಟೆವು. ಮೆಷಿನ್ ನಿಂತರೆ ಯಾಕೆ ಅಂತ ಒತ್ತಬೇಕಲ್ವಾ, ಆ ಕಾರಣಗಳ ಪಟ್ಟಿಯಲ್ಲಿ ರೆಡಿಮೇಡ್ ಸಾಫ್ಟ್‌ವೇರ್ ಕೊಟ್ಟ ಮೊದಲ ಕಾರಣವೇ 'ಆಪರೇಟರ್ ಇಲ್ಲ'. ನನಗೆ ನಿಜಕ್ಕೂ ಸಿಟ್ಟು ಬಂತು. ಅದನ್ನು ತೆಗೆಸಿ, ಪಟ್ಟಿಯನ್ನು ಆಪರೇಟರ್‌ಗಳಿಂದಲೇ ಬರೆಸಿದೆ: ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ) ಬದಲು, ಸೆಟ್ಟಿಂಗ್, ಮಾಲು ಬಂದಿಲ್ಲ, ಕರೆಂಟ್ ಇಲ್ಲ, ಕ್ವಾಲಿಟಿ ಓಕೆಗೆ ಕಾಯುತ್ತಿದ್ದೇವೆ. ಟೂಲ್ ತಂಪಾಗಿಡುವ ಕೂಲೆಂಟ್ ದ್ರವ ಹತ್ತಿದ ಬೆರಳಿಗೆ ಟಚ್ ಸ್ಕ್ರೀನ್ ಕೆಲಸ ಮಾಡುವುದಿಲ್ಲ ಅಂತ ಹೇಳಿದವರೂ ಅವರೇ, ಹಾಗಾಗಿ ಒತ್ತುವ ಬಟನ್ ಹಾಕಿಸಿದೆವು, ಪ್ರತಿ ಬಟನ್ ಮೇಲೆ ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ಬರೆಸಿದೆವು.

ಓಇಇ, ಅಂದರೆ ಮೆಷಿನ್‌ನಿಂದ ನಿಜವಾಗಿ ಎಷ್ಟು ಉಪಯೋಗ ಸಿಕ್ಕಿತು ಅನ್ನುವ ಲೆಕ್ಕವನ್ನೂ ನೆಲದಲ್ಲಿ ಸೀಮೆಸುಣ್ಣದಿಂದ ಬರೆದು ತೋರಿಸಿದೆ. ಮೆಷಿನ್ ಓಡಿದ ಸಮಯ 90%, ವೇಗ 95%, ಒಳ್ಳೆಯ ಪೀಸ್ 99%. ಮೂರೂ ಚೆನ್ನಾಗಿವೆ ಅನಿಸುತ್ತದೆ. ಗುಣಿಸಿದರೆ 85% ಕೂಡ ಮುಟ್ಟುವುದಿಲ್ಲ. 'ಹಾಗಾದರೆ ನಷ್ಟ ಆಗ್ತಿರೋದು ಎಲ್ಲಿ?' ಅಂತ ಅವರೇ ಕೇಳತೊಡಗಿದರು.

ಉತ್ತರ ಬೇಗ ಸಿಕ್ಕಿತು. ಎಲ್ಲಕ್ಕಿಂತ ಜಾಸ್ತಿ ಒತ್ತಿದ್ದು ಕ್ವಾಲಿಟಿ ಓಕೆಗೆ ಕಾಯುವ ಬಟನ್. ಎರಡನೇ ಶಿಫ್ಟ್‌ನಲ್ಲಿ ಇದ್ದದ್ದು ಒಬ್ಬರೇ ಇನ್‌ಸ್ಪೆಕ್ಟರ್, ಬಂದ ಮಾಲನ್ನೂ ಅವರೇ ನೋಡಬೇಕು, ಮೊದಲ ಪೀಸನ್ನೂ ಅವರೇ ಅಳೆಯಬೇಕು, ಅಲ್ಲಿಯವರೆಗೆ ಮೆಷಿನ್ ಸುಮ್ನೆ ನಿಂತಿರಬೇಕು. ಬೈಸಿಕೊಳ್ಳುತ್ತಿದ್ದವರು ಮಾತ್ರ ಆಪರೇಟರ್‌ಗಳು. ಈಗ ಅನುಭವಿ ಆಪರೇಟರ್‌ಗಳಿಗೆ ಅಳತೆ ನೋಡುವ ಗೇಜ್ ಕೊಟ್ಟು, ತರಬೇತಿ ಕೊಟ್ಟು, ಮೊದಲ ಪೀಸ್ ಅವರೇ ಅಳೆದು ಸಹಿ ಹಾಕುವಂತೆ ಮಾಡಿದ್ದೇವೆ. ಆ ಕೆಲಸಕ್ಕೆ ಭತ್ಯೆಯೂ ಇದೆ. ಅದಿಲ್ಲದೆ ಜವಾಬ್ದಾರಿ ಮಾತ್ರ ಹೊರಿಸುವುದು ಅನ್ಯಾಯ.

ಹಿರಿಯ ಆಪರೇಟರ್ ಒಬ್ಬರಿಗೆ ಟೂಲ್ ಸವೆದದ್ದು ಶಬ್ದದಲ್ಲೇ ಗೊತ್ತಾಗುತ್ತದೆ. ನಮ್ಮ ಸೆನ್ಸರ್‌ಗೆ ಅದು ಗೊತ್ತಾಗುವುದಿಲ್ಲ. ಹೊಸ ಹುಡುಗರನ್ನು ಅವರ ಪಕ್ಕದಲ್ಲೇ ನಿಲ್ಲಿಸುತ್ತಿದ್ದೇನೆ.

ಮುಂದೆ ಗ್ರೈಂಡಿಂಗ್ ಸೆಕ್ಷನ್. ಮೆಷಿನ್ ನಿಲ್ಲುವ ಕಾರಣಗಳನ್ನು ಬರೆಯಲು ಅಲ್ಲಿನವರಿಗೆ ಪೇಪರ್ ಕೊಟ್ಟಿದ್ದೇನೆ. ಅದು ಬಂದ ಮೇಲೆಯೇ ವೈರ್ ಎಳೆಯುವುದು.