ಹಳ್ಳಿಯ ಅವ್ವನ ಅರ್ಜಿ ಕಲಬುರಗಿವರೆಗೆ: ಹಿರಿಯ ಹೆಣ್ಣುಮಕ್ಕಳ ಹಕ್ಕಿಗಾಗಿ ಒಟ್ಟಾಗಿ ದನಿ ಎತ್ತುವುದು ಹೇಗೆ?

ಪಗಾರ, ಅಂದರೆ ಸರ್ಕಾರದ ಪಿಂಚಣಿ, ನಿಂತುಹೋದ ಅಜ್ಜಿಯೊಬ್ಬರು ನಾಡಕಚೇರಿಗೆ ಒಬ್ಬರೇ ಹೋದರೆ ‘ನಾಳೆ ಬಾ ಅಮ್ಮ’ ಅನ್ನುತ್ತಾರೆ. ನಾಳೆ ಹೋದರೆ ಸರ್ವರ್ ಇರುವುದಿಲ್ಲ. ಮೂರನೇ ಸಲ ಹೋಗಲು ಮೊಣಕಾಲು ಬಿಡುವುದಿಲ್ಲ. ಅಂಥದೇ ತೊಂದರೆ ಇರುವ ಅಜ್ಜಿಯರ ಅರ್ಜಿಗಳು ಆಳಂದ, ಸುರಪುರ, ಔರಾದ್ ಕಡೆಯಿಂದ ಒಂದೇ ಫೈಲಿನಲ್ಲಿ ಕಲಬುರಗಿಯ ಪ್ರಾದೇಶಿಕ ಆಯುಕ್ತರ ಮೇಜಿಗೆ ಬಂದರೆ? ಆಗ ಬಾಯಿಮಾತಿನ ಉತ್ತರ ಸಾಲದು, ಬರೆದೇ ಕೊಡಬೇಕಾಗುತ್ತದೆ.

ಅಂಥ ಫೈಲನ್ನು ಕಟ್ಟುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಸ್ತ್ರೀಶಕ್ತಿ ಸಂಘದವರು, ಸಂಜೀವಿನಿ ಒಕ್ಕೂಟದವರು, ನಿವೃತ್ತ ಶಿಕ್ಷಕಿಯರು, ಕಾಲೇಜು ಹುಡುಗಿಯರು ಯಾರು ಬೇಕಾದರೂ ಈ ಕೆಲಸ ಶುರು ಮಾಡಬಹುದು. ಹಿರಿಯರೆಲ್ಲರಿಗೂ ತೊಂದರೆ ಇದೆಯಲ್ಲ, ಹೆಣ್ಣುಮಕ್ಕಳದ್ದೇ ಯಾಕೆ ಬೇರೆ ಎಂದು ಕೆಲವರು ಕೇಳುತ್ತಾರೆ. ಜೀವನವಿಡೀ ತೊಗರಿ ಹೊಲದಲ್ಲಿ ದುಡಿದವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗಂಡ ಹೋದ ಮೇಲೆ ಮನೆಯ ಯಜಮಾನಿಕೆಯೂ ಹೋಗುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋದಾಗ ಮೊಮ್ಮಕ್ಕಳನ್ನು ಸಾಕುವುದೂ ಇವರದೇ ಪಾಲಿಗೆ. 2011ರ ಜನಗಣತಿಯಲ್ಲಿ ದೇಶದ 60 ದಾಟಿದವರಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ ಇದ್ದರು.

ಮೊದಲು ಕೂತು ಕೇಳಿಸಿಕೊಳ್ಳಿ

ಮನವಿ ಪತ್ರ ಬರೆಯುವ ಆತುರ ಬೇಡ. ಸಂಘಟನೆಗಳು ಸಾಮಾನ್ಯವಾಗಿ ಬೇಡಿಕೆ ಪಟ್ಟಿ ಬರೆದುಕೊಂಡೇ ಹಳ್ಳಿಗೆ ಹೋಗುತ್ತವೆ. ಅಜ್ಜಿಯರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕುವುದಕ್ಕೆ ಮಾತ್ರ ಬರುತ್ತಾರೆ. ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಬೇಡಿಕೆ ಅವರ ಬಾಯಿಂದಲೇ ಬರಬೇಕು.

ಮಗ, ಸೊಸೆ ಪಕ್ಕದಲ್ಲಿ ಇಲ್ಲದ ಹೊತ್ತು ನೋಡಿ. ಮಧ್ಯಾಹ್ನ ಗುಡಿಯ ಕಟ್ಟೆ ಅಥವಾ ಅಂಗನವಾಡಿಯ ಪಡಸಾಲೆ ಆಗಬಹುದು. ಭಾಷೆಯ ವಿಷಯ ಮರೆಯಬೇಡಿ. ಔರಾದ್, ಭಾಲ್ಕಿ ಕಡೆ ಮರಾಠಿ ಮಾತನಾಡುವವರಿದ್ದಾರೆ. ಗುರುಮಠಕಲ್, ಸೇಡಂ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಕಲಬುರಗಿ ಮತ್ತು ಬೀದರ್ ನಗರಗಳಲ್ಲಿ ಉರ್ದು. ಅವರ ಮಾತು ಬಲ್ಲ ಹೆಣ್ಣುಮಗಳೊಬ್ಬಳು ಜೊತೆಗಿರಲಿ.

ಕೇಳಬೇಕಾದದ್ದು ಸರಳ. ಪಗಾರ ಬರುತ್ತದೆಯೇ? ಬಂದರೆ ಯಾರ ಕೈಗೆ? ಹೊಲ, ಮನೆ ಯಾರ ಹೆಸರಿನಲ್ಲಿದೆ? ರೇಷನ್ ಕಾರ್ಡಿನಲ್ಲಿ ಹೆಸರಿದೆಯೇ? ಕಣ್ಣು ಕಾಣಿಸುತ್ತದೆಯೇ? ಬೈಗುಳ, ಹೊಡೆತದ ವಿಷಯವನ್ನು ಮಾತ್ರ ನಾಲ್ಕು ಜನರ ನಡುವೆ ಕೇಳಬೇಡಿ. ಒಬ್ಬರೇ ಇದ್ದಾಗ ಕೇಳಿ. ಕೊನೆಗೆ ‘ನಿಮಗೇನಾಗಬೇಕು ಅವ್ವ?’ ಎಂದು ಕೇಳಲೇಬೇಕು. ಮಗನ ಮೇಲೆ ಕೇಸು ಬೇಡ, ಆದರೆ ತಿಂಗಳಿಗೆ ಔಷಧಿ ಖರ್ಚಿನ ರೊಕ್ಕ ಬೇಕು ಎನ್ನುವವರು ಇರುತ್ತಾರೆ. ಆ ಮಾತಿಗೆ ಬೆಲೆ ಕೊಡಿ. ಅವರ ಒಪ್ಪಿಗೆ ಇಲ್ಲದೆ ಹೆಸರು, ಫೋಟೊ ಎಲ್ಲೂ ಹಾಕಬೇಡಿ.

ಕಾಗದ ಗಟ್ಟಿ ಮಾಡಿಕೊಳ್ಳಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. ಇಲ್ಲಿ ಸಡಿಲ ಬಿಟ್ಟರೆ ಮುಂದೆ ಯಾವ ಅಧಿಕಾರಿಯೂ ಮಾತು ಕೇಳುವುದಿಲ್ಲ.

ಪಿಂಚಣಿಯಿಂದ ಶುರು ಮಾಡಿ. 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. ವಿಧವಾ ವೇತನ 800 ರೂಪಾಯಿ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, 70 ಆದರೂ 800ರಲ್ಲೇ ಇರುವವರು ನಿಮ್ಮ ಊರಲ್ಲಿ ಇದ್ದಾರೆಯೇ ನೋಡಿ. ಅವರು ವೃದ್ಧಾಪ್ಯದ ಪಿಂಚಣಿಗೆ ಬದಲಾಗಬಹುದೇ ಎಂದು ನಾಡಕಚೇರಿಯಲ್ಲಿ ಲಿಖಿತವಾಗಿ ಕೇಳಿ. ತಿಂಗಳಿಗೆ 400 ರೂಪಾಯಿ ಅವರಿಗೆ ಸಣ್ಣ ಮೊತ್ತವಲ್ಲ.

ಪಿಂಚಣಿ ತಪ್ಪಲು ಕಾರಣಗಳು ಹೆಚ್ಚಾಗಿ ಒಂದೇ ಥರ ಇರುತ್ತವೆ. ಆಧಾರ್‌ನಲ್ಲಿ ವಯಸ್ಸು ಅಂದಾಜಿನಲ್ಲಿ ಬರೆದು ಕಡಿಮೆ ಆಗಿರುತ್ತದೆ. ದುಡಿದು ದುಡಿದು ಬೆರಳಚ್ಚು ಸವೆದು ಯಂತ್ರ ಹಿಡಿಯುವುದಿಲ್ಲ. ಆಗ ಕಣ್ಣಿನ ಪಾಪೆ ಅಥವಾ ಮುಖ ತೋರಿಸಿ ಗುರುತು ಖಚಿತ ಮಾಡುವ ದಾರಿ ಇದೆ, ಅದನ್ನು ಕೇಳಿ. ಇನ್ನೊಂದು ಕಾರಣ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ. ಯಾರೋ ಊರಿಗೆ ಬಂದು ಹೊಸ ಖಾತೆ ತೆರೆಸಿ ಹೋಗಿದ್ದರೆ ಪಗಾರ ಅಲ್ಲಿ ಬೀಳುತ್ತಿರುತ್ತದೆ, ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಅಲೆಯುತ್ತಿರುತ್ತಾರೆ. ಆದ್ದರಿಂದ ಮೊದಲು ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ನೋಡಿಸಿ, ಆಮೇಲೆ ಪಾಸ್‌ಬುಕ್ ಮುದ್ರಿಸಿ. ಮುದ್ರಿಸಿದ ಹಾಳೆಯಲ್ಲಿ ಹಣ ತೆಗೆದ ಲೆಕ್ಕವೂ ಕಾಣುತ್ತದೆ. ಅದನ್ನು ಅಜ್ಜಿಗೆ ಓದಿ ಹೇಳಿ.

ಇನ್ನು ಹೊಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಗಂಡ ಉಯಿಲು ಬರೆಯದೆ ತೀರಿದರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಿಗೂ ಸಮಪಾಲು. ಸತ್ತವನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಅಂದರೆ ಮಗನನ್ನು ಕಳೆದುಕೊಂಡ ಮುದುಕಿ ಕೂಡ ವಾರಸುದಾರಳು. ವಂಶಾವಳಿ ಬರೆಸುವಾಗ ಅವರ ಹೆಸರು ಬಿಟ್ಟುಹೋಗುವುದು ಸಾಮಾನ್ಯ. ಮುಸ್ಲಿಂ ಕಾನೂನಿನಲ್ಲಿ ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು. ಮಕ್ಕಳಿರುವ ಮಗ ತೀರಿದರೆ ಅವನ ತಾಯಿಗೆ ಆರನೇ ಒಂದು. ಪೌತಿ ಖಾತೆ, ಅಂದರೆ ತೀರಿಹೋದವರ ಹೊಲ ವಾರಸುದಾರರ ಹೆಸರಿಗೆ, ಆಗುವಾಗ ಈ ಹೆಸರುಗಳು ಸೇರಿವೆಯೇ ಎಂದು ಗ್ರಾಮ ಆಡಳಿತಾಧಿಕಾರಿಯ ಬಳಿ ವಿಚಾರಿಸಿ. ‘ಸುಮ್ನೆ ಒಂದು ಹೆಬ್ಬೆಟ್ಟು ಹಾಕವ್ವ’ ಎಂದು ಯಾರಾದರೂ ಕಾಗದ ಚಾಚಿದರೆ ಅದು ಆಸ್ತಿಯ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಇರಬಹುದು. ಓದಿಸದೆ ಹೆಬ್ಬೆಟ್ಟು ಬೇಡ ಎಂಬುದನ್ನು ಪ್ರತಿ ಸಭೆಯಲ್ಲೂ ಹೇಳಿ.

ಕೋರ್ಟಿಗಿಂತ ಹತ್ತಿರದ ಬಾಗಿಲು

ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೇಳಲು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಇದೆ. ಅದರ ನ್ಯಾಯಮಂಡಳಿ ಸಹಾಯಕ ಆಯುಕ್ತರದು, ಅಂದರೆ ನಮ್ಮ ಎಸಿ ಆಫೀಸ್. ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣದಲ್ಲಿ ಎಸಿ ಕಚೇರಿ ಇವೆ. ಯಾದಗಿರಿ ಜಿಲ್ಲೆಯವರು ಯಾದಗಿರಿಗೇ ಹೋಗಬೇಕು.

ಈ ಕಾಯ್ದೆಯಲ್ಲಿ ನಮ್ಮ ಭಾಗಕ್ಕೆ ತುಂಬ ಉಪಯೋಗದ ಮಾತೊಂದಿದೆ. ಮಗ ಪುಣೆಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ತಾಯಿ ತಾನು ಇರುವ ಕಡೆಯೇ ಅರ್ಜಿ ಹಾಕಬಹುದು. ಅವರಿಗೆ ಆಗದಿದ್ದರೆ ಅವರು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆ ಹಾಕಬಹುದು. ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರ ಮೇಲೂ ಹೊಣೆ ಇದೆ. ಮಕ್ಕಳಿಲ್ಲದವರು ತಮ್ಮ ಆಸ್ತಿ ಯಾರ ಕೈಯಲ್ಲಿದೆಯೋ, ಮುಂದೆ ಯಾರಿಗೆ ಸೇರುವುದೋ ಆ ವಾರಸುದಾರರಿಂದ ಕೇಳಬಹುದು. ಮಲತಾಯಿಯೂ ಕೇಳಬಹುದು. ನೋಟಿಸ್ ಮುಟ್ಟಿದ ಮೇಲೆ 90 ದಿನದಲ್ಲಿ ತೀರ್ಮಾನ ಆಗಬೇಕು, ವಿಶೇಷ ಕಾರಣ ಇದ್ದರೆ ಇನ್ನು 30 ದಿನ. ಅಷ್ಟರವರೆಗೆ ಮಧ್ಯಂತರ ಜೀವನಾಂಶವನ್ನೂ ಕೇಳಿ. ಆದೇಶ ಆದ ಮೇಲೂ ಮಗ ಕೊಡದಿದ್ದರೆ ಬಾಕಿ ಬಿದ್ದ 3 ತಿಂಗಳೊಳಗೆ ಮತ್ತೆ ಅರ್ಜಿ ಕೊಡಬೇಕು. ಆ ಗಡುವು ದಾಟಿದರೆ ವಸೂಲಿ ವಾರಂಟ್ ಸಿಗುವುದಿಲ್ಲ. ಸಂಘದವರು ಇದೊಂದು ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ.

ಮನೆ, ಹೊಲ ದಾನಪತ್ರ ಮಾಡಿಕೊಡುವ ಅವ್ವಂದಿರಿಗೂ ಒಂದು ಮಾತು. ‘ನನ್ನನ್ನು ಕೊನೆವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ ಕಾಯ್ದೆಯ 23ನೇ ಕಲಂ ಅಡಿ ಆ ಪತ್ರವನ್ನು ರದ್ದು ಮಾಡಿಸಬಹುದು. ಪತ್ರದಲ್ಲಿ ಷರತ್ತು ಇಲ್ಲದಿದ್ದರೆ ವಾದ ಕಷ್ಟವಾಗುತ್ತದೆ.

ಹೊಡೆತ, ಮನೆಯಿಂದ ಹೊರಹಾಕುವುದು ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅತ್ತೆ, ಅಜ್ಜಿಯರಿಗೂ ಅನ್ವಯ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತುರ್ತಿಗೆ ಹಿರಿಯರ ಸಹಾಯವಾಣಿ 14567, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100.

ತಾಲ್ಲೂಕು ದಾಟಿ ಕೂಡಿಸಿ

ಹಳ್ಳಿಗಳಲ್ಲಿ ಕೇಳಿದ್ದು, ಕಾಗದದಲ್ಲಿ ಕಂಡದ್ದು ಎರಡೂ ಕೈಗೆ ಬಂದ ಮೇಲೆ ಮೂರು ಜಿಲ್ಲೆಗಳವರು ಒಂದು ಕಡೆ ಸೇರಿ. ಶಕ್ತಿ ಯೋಜನೆ ಇರುವುದರಿಂದ ಹುಣಸಗಿಯ ಅಜ್ಜಿಯೂ ಔರಾದ್‌ನ ಅಜ್ಜಿಯೂ ಟಿಕೆಟ್ ಹಣ ಇಲ್ಲದೆ ಕಲಬುರಗಿಗೆ ಬರಬಹುದು. ಇದು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ. ಬಸ್ ನಿಲ್ದಾಣಕ್ಕೆ ಹತ್ತಿರದ, ಮೆಟ್ಟಿಲಿಲ್ಲದ, ಶೌಚಾಲಯ ಇರುವ ಜಾಗ ಆರಿಸಿ. ಸಂಜೆಯೊಳಗೆ ಅವರು ಊರು ಸೇರುವಂತೆ ಸಭೆ ಮುಗಿಸಿ.

ಬೇಡಿಕೆ ಮೂರಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ಬೇಡಿಕೆ ಇರುವ ಮನವಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಪ್ರತಿ ಬೇಡಿಕೆಯನ್ನೂ ಅದಕ್ಕೆ ಅಧಿಕಾರ ಇರುವವರ ಬಳಿಯೇ ಒಯ್ಯಿರಿ. ವಿಧವಾ ವೇತನ ಹೆಚ್ಚಿಸುವುದು ರಾಜ್ಯ ಸರ್ಕಾರದ ಕೈಯಲ್ಲಿದೆ, ಅದಕ್ಕೆ ಶಾಸಕರು ಮತ್ತು ಉಸ್ತುವಾರಿ ಸಚಿವರನ್ನು ಹಿಡಿಯಬೇಕು. ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವ ಪಾಲು 80ರೊಳಗಿನವರಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ. ಅದನ್ನು ಸಂಸದರ ಮುಂದೆ ಇಡಿ. ಎಸಿ ನ್ಯಾಯಮಂಡಳಿ ತಿಂಗಳಿಗೊಮ್ಮೆ ತಾಲ್ಲೂಕಿಗೇ ಬಂದು ವಿಚಾರಣೆ ನಡೆಸಲಿ ಎಂಬುದನ್ನು ಜಿಲ್ಲಾಧಿಕಾರಿ ಮತ್ತು ಪ್ರಾದೇಶಿಕ ಆಯುಕ್ತರಿಗೆ ಬರೆಯಿರಿ. ಹುಣಸಗಿಯಿಂದ ಯಾದಗಿರಿಗೆ ಎಷ್ಟು ದೂರ ಎಂದು ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ಬೇಡಿಕೆ ಅಂತ ಅರ್ಥವಾಗುತ್ತದೆ.

ಇನ್ನು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ. ಸಂವಿಧಾನದ 371(ಜೆ) ಕಲಂ ನಮ್ಮ ಭಾಗಕ್ಕೆ ಈ ಮಂಡಳಿಯನ್ನು ಕೊಟ್ಟಿದೆ. ಅದರ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ಹಾಗಾದರೆ ಆ ಹಣದಲ್ಲಿ ಹಿರಿಯ ಹೆಣ್ಣುಮಕ್ಕಳಿಗೆ ಎಷ್ಟು ಹೋಯಿತು ಎಂದು ನಾವು ಕೇಳಲೇಬೇಕಲ್ವಾ? ಕಣ್ಣಿನ ಆಪರೇಷನ್ ಶಿಬಿರ, ಹೋಬಳಿಗೊಂದು ಹಗಲು ಆರೈಕೆ ಕೇಂದ್ರ, ತಾಲ್ಲೂಕು ಕಚೇರಿಗಳಲ್ಲಿ ಇಳಿಜಾರು ದಾರಿ ಮತ್ತು ಕುಳಿತುಕೊಳ್ಳಲು ಬೆಂಚು ಮಂಡಳಿಯ ಮುಂದೆ ಇಡಬಹುದಾದ ಬೇಡಿಕೆಗಳು. ಅಲ್ಲಿ ಪಿಂಚಣಿ ಹೆಚ್ಚಿಸಿ ಎಂದು ಕೇಳಿದರೆ ಒಂದು ಭೇಟಿ ದಂಡ.

ಒಂದು ಭಾಗದವರು ಕೂಡಿ ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಆಫ್ರಿಕಾ ಕಣ್ಣ ಮುಂದಿದೆ. ಹಿರಿಯರ ಹಕ್ಕುಗಳ ಒಪ್ಪಂದವನ್ನು ಆಫ್ರಿಕಾ ಒಕ್ಕೂಟ 2016ರಲ್ಲೇ ಅಂಗೀಕರಿಸಿತ್ತು. ಆದರೆ 15 ದೇಶಗಳು ಒಪ್ಪಿಗೆ ಮುದ್ರೆ ಒತ್ತಿದ ಮೇಲಷ್ಟೇ, 2024ರ ನವೆಂಬರ್‌ನಲ್ಲಿ, ಅದು ಜಾರಿಗೆ ಬಂತು. ಅದರಲ್ಲಿ ಹಿರಿಯ ಮಹಿಳೆಯರಿಗೇ ಒಂದು ಕಲಂ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯೂ 2025ರ ಏಪ್ರಿಲ್‌ನಲ್ಲಿ ಹಿರಿಯರ ಹಕ್ಕುಗಳ ಕರಡು ಒಪ್ಪಂದ ಬರೆಯಲು ಕಾರ್ಯತಂಡ ರಚಿಸುವ ನಿರ್ಣಯ ಮಾಡಿತು.

ಮನವಿ ಕೊಟ್ಟ ದಿನ, ಕೊಟ್ಟ ಮೇಲೆ

ಮನವಿ ಒಂದೂವರೆ ಪುಟ ಸಾಕು. ಮೇಲೆ ಬೇಡಿಕೆ, ಕೆಳಗೆ ಆಧಾರ, ಹಿಂದೆ ಅರ್ಜಿಗಳ ಪಟ್ಟಿ. ಅಧಿಕಾರಿಯ ಮುಂದೆ ಮಾತನಾಡುವುದು ಅಜ್ಜಿಯರೇ ಆಗಲಿ, ಅವರ ಭಾಷೆಯಲ್ಲೇ ಆಗಲಿ. ಸಂಘದ ಮುಖಂಡರು ಪಕ್ಕದಲ್ಲಿ ನಿಂತರೆ ಸಾಕು. ಟಪ್ಪಾಲು ವಿಭಾಗದಲ್ಲಿ ಸೀಲು, ದಿನಾಂಕ ಇರುವ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ. ನಾಡಕಚೇರಿಯ ಅರ್ಜಿಯಾದರೆ ಸಕಾಲ ಯೋಜನೆಯ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಸ್ವೀಕೃತಿ ಸಂಖ್ಯೆ, ಕೇಳಿ ಪಡೆಯಿರಿ. ಆಗುವುದಿಲ್ಲ ಎಂದರೆ ಕಾರಣ ಬರೆದ ಹಿಂಬರಹ ಕೇಳಿ.

ಸಮಯವೂ ಮುಖ್ಯ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಬರುವುದರಿಂದ ಡಿಸೆಂಬರ್‌ಗೆ ಮುಂಚೆಯೇ ಬೇಡಿಕೆ ಶಾಸಕರ ಕೈಯಲ್ಲಿರಲಿ. ಬೆಳಗಾವಿ ಅಧಿವೇಶನದಲ್ಲಿ ಪ್ರಶ್ನೆ ಕೇಳಿಸಲು ಆಗ ಅವಕಾಶ ಸಿಗುತ್ತದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಹೊತ್ತಿಗೆ ಸಚಿವರು ಜಿಲ್ಲೆಗಳಲ್ಲೇ ಇರುತ್ತಾರೆ. ಅಕ್ಟೋಬರ್ 1 ಹಿರಿಯರ ದಿನ. ಆ ದಿನದ ಸರ್ಕಾರಿ ಕಾರ್ಯಕ್ರಮದಲ್ಲಿ ಶಾಲು, ಹಾರ ಮುಗಿದ ಮೇಲೆ ಈ ಮೂರು ಬೇಡಿಕೆಗಳನ್ನು ಓದಲು ಐದು ನಿಮಿಷ ಕೇಳಿ ಪಡೆಯಿರಿ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿಕೊಂಡಿದ್ದರೆ ಮನವಿಗೆ ಇನ್ನಷ್ಟು ತೂಕ ಬರುತ್ತದೆ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಆದ್ದರಿಂದ ಅಜ್ಜಿಯ ಹೆಸರಿನಲ್ಲೇ ಹಾಕುವುದು ಒಳ್ಳೆಯದು. ‘ನಮ್ಮ ಎಸಿ ನ್ಯಾಯಮಂಡಳಿಗೆ ಕಳೆದ ವರ್ಷ ಎಷ್ಟು ಅರ್ಜಿ ಬಂದವು, ಅದರಲ್ಲಿ ಹೆಂಗಸರವು ಎಷ್ಟು, 90 ದಿನದಲ್ಲಿ ಮುಗಿದವು ಎಷ್ಟು’ ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಮೂರೂ ಜಿಲ್ಲೆಗಳಿಂದ ಬಂದ ಆ ಅಂಕಿಗಳನ್ನು ಮುಂದಿನ ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ. ಇನ್ನು ನ್ಯಾಯಮಂಡಳಿಯ ಆದೇಶ ಅಜ್ಜಿಗೆ ಒಪ್ಪಿಗೆ ಆಗದಿದ್ದರೆ ಮೇಲ್ಮನವಿಗೆ 60 ದಿನ ಸಮಯವಿದೆ. ಆದೇಶದ ಪ್ರತಿಯನ್ನು ಅವರ ಕೈಗೆ ಕೊಟ್ಟು, ಓದಿ ಹೇಳಿ, ಕೊನೆಯ ದಿನಾಂಕವನ್ನು ಅದರ ಮೇಲೇ ದೊಡ್ಡದಾಗಿ ಬರೆದುಬಿಡಿ.