ನನಗೆ ನೆನಪಿಲ್ಲದ ಐದು ಗಂಟೆಗಳು

ನನ್ನ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟವನ್ನು ಬದಲಿಸಿ ಈ ವಾರಕ್ಕೆ ನಾಲ್ಕು ವರ್ಷ ತುಂಬಿತು. ಬಾಲ್ಯದ ಗಂಟಲು ಸೋಂಕು ಮತ್ತು ಅದರ ಬೆನ್ನಿಗೇ ಬಂದ ರುಮ್ಯಾಟಿಕ್ ಜ್ವರ ಕವಾಟದ ಎಸಳುಗಳನ್ನು ಹತ್ತಾರು ವರ್ಷ ಸದ್ದಿಲ್ಲದೆ ದಪ್ಪಗಾಗಿಸಿ, ಅಂಚುಗಳನ್ನು ಒಂದಕ್ಕೊಂದು ಬೆಸೆಯುತ್ತ ಬಂದಿದ್ದವು. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳುವ ಆ ಬಾಗಿಲು ನನ್ನಲ್ಲಿ 1ಕ್ಕಿಂತಲೂ ಕಿರಿದಾಗಿದೆಯೆಂದು ಎಕೋ ಪರೀಕ್ಷೆ ತೋರಿಸಿದಾಗ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದ್ದುದೇಕೆಂದು ತಿಳಿಯಿತು. ಈಗ ಅಲ್ಲಿ ಪೈರೋಲಿಟಿಕ್ ಕಾರ್ಬನ್ ಎಂಬ ಗಟ್ಟಿ ಕೃತಕ ವಸ್ತುವಿನ ಎರಡು ಎಸಳುಗಳು ತೆರೆದು ಮುಚ್ಚುತ್ತಿವೆ, ಮತ್ತು ರಾತ್ರಿಯ ನಿಶ್ಶಬ್ದದಲ್ಲಿ ಅವುಗಳ ಟಿಕ್ ಟಿಕ್ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಮೊದಲ ವಾರ್ಷಿಕ ದಿನದಂದು ಮನೆಯವರೆಲ್ಲ ಸೇರಿ ಅದನ್ನು ನನ್ನ ಎರಡನೆಯ ಹುಟ್ಟುಹಬ್ಬವೆಂದು ಕರೆದರು. ನಾನು ಸ್ವಲ್ಪ ಹೊತ್ತು ಅವರೊಡನೆ ಕುಳಿತಿದ್ದು, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಬದುಕಿ ಬಂದವನಿಗೆ ಅಳುವ ಹಕ್ಕೆಲ್ಲಿದೆ ಎಂಬ ಪ್ರಶ್ನೆ ಅಳುವಿಗಿಂತ ಹೆಚ್ಚು ನೋಯಿಸಿತು. ಕೃತಜ್ಞತೆ ನಿಜವಾಗಿಯೂ ಇತ್ತು. 1953ರಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಬಳಸಿ ಯಶಸ್ವಿಯಾಗಿ ಶಸ್ತ್ರಚಿಕಿತ್ಸೆ ಮಾಡದಿದ್ದರೆ, 1960ರಲ್ಲಿ ವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಸೇರಿ ಕೃತಕ ಮಿಟ್ರಲ್ ಕವಾಟವೊಂದನ್ನು ರೂಪಿಸದಿದ್ದರೆ, ನನ್ನಂಥವರ ಕಥೆ ಬೇರೆಯೇ ಆಗುತ್ತಿತ್ತೆಂದು ನಾನು ಬಲ್ಲೆ. ಆದರೂ ನನ್ನೊಡನೆಯೇ ಹುಟ್ಟಿ, ಅಷ್ಟು ವರ್ಷ ಕಷ್ಟಪಟ್ಟು ದುಡಿದ ಆ ಹಳೆಯ ಕವಾಟ ಏನಾಯಿತೆಂದು ನಾನು ಯಾರನ್ನೂ ಕೇಳಿರಲಿಲ್ಲ ಎಂಬುದು ಅಂದು ನೆನಪಾಗಿ, ದುಃಖ ತಡೆಯಲಾಗಲಿಲ್ಲ.

ಬಹಳ ಯೋಚಿಸಿದ ಮೇಲೆ ನನಗೆ ತೋಚಿದ ಕಾರಣವೊಂದಿದೆ. ಆ ದಿನವನ್ನು ನನ್ನದೆಂದು ಎಲ್ಲರೂ ಹೇಳುತ್ತಾರೆ, ಆದರೆ ನಾನು ಆ ದಿನದಲ್ಲಿ ಇರಲೇ ಇಲ್ಲ. ಅರಿವಳಿಕೆಯ ಮದ್ದು ಏರಿದ ಕ್ಷಣದಿಂದ ಐಸಿಯುವಿನಲ್ಲಿ ಗಂಟಲೊಳಗಿನ ಕೊಳವೆಯೊಂದಿಗೆ ಕಣ್ಣು ತೆರೆಯುವವರೆಗೆ ನನಗೆ ಏನೂ ಗೊತ್ತಿಲ್ಲ. ಎದೆಮೂಳೆಯನ್ನು ಸೀಳಿ, ಪೊಟ್ಯಾಸಿಯಮ್ ಬೆರೆತ ತಣ್ಣನೆಯ ದ್ರಾವಣದಿಂದ ಹೃದಯವನ್ನು ನಿಲ್ಲಿಸಿ, ಯಂತ್ರದ ಮೂಲಕ ರಕ್ತ ಹರಿಸಿದ ಆ ಐದು ಗಂಟೆಗಳನ್ನು ನಿಜವಾಗಿ ಅನುಭವಿಸಿದವರು ಹೊರಗೆ ಕಾದು ಕುಳಿತವರು.

ಆದ್ದರಿಂದ ಎರಡನೆಯ ವರ್ಷದಿಂದ ಸಂಭ್ರಮವನ್ನು ಬೇಡವೆಂದು ಹೇಳಿ, ಬೇರೊಂದು ಕ್ರಮ ಹಿಡಿದೆ. ಬೆಳಿಗ್ಗೆ ಐಎನ್‌ಆರ್ ಪುಸ್ತಕ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಅಂಕಿಗಳನ್ನು ಬರೆದಿಡುವ ಪುಸ್ತಕ, ತೆರೆದು ವರ್ಷದ ಅಂಕಿಗಳನ್ನೆಲ್ಲ ಓದುತ್ತೇನೆ. ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ನುಂಗಬೇಕಾದ ನನಗೆ ವೈದ್ಯರು ನಿಗದಿಪಡಿಸಿದ ಮಿತಿ 2.5ರಿಂದ 3.5. ಅದಕ್ಕಿಂತ ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ಸೊಪ್ಪಿನಲ್ಲಿರುವ ಕೆ ವಿಟಮಿನ್ ವಾರ್ಫರಿನ್ನಿನ ಪರಿಣಾಮವನ್ನು ತಗ್ಗಿಸುವುದರಿಂದ ಅದನ್ನು ಪೂರ್ತಿ ಬಿಡಬೇಕೆಂದು ಕೆಲವರು ಹೆದರಿಸುತ್ತಾರೆ; ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸಾಕು ಎಂಬುದನ್ನು ನಾನು ತಿಳಿಯಲು ಒಂದು ವರ್ಷ ಹಿಡಿಯಿತು. ಅಂದೇ ಎಕೋ ಪರೀಕ್ಷೆಗೂ ದಂತವೈದ್ಯರ ಭೇಟಿಗೂ ದಿನ ಗೊತ್ತು ಮಾಡುತ್ತೇನೆ, ಏಕೆಂದರೆ ಬಾಯಿಯ ಸೋಂಕು ರಕ್ತದ ಮೂಲಕ ಕೃತಕ ಕವಾಟವನ್ನು ತಲುಪುವ ಅಪಾಯವಿದೆ. ಒಸಡಿಗೆ ಸಂಬಂಧಿಸಿದ ಚಿಕಿತ್ಸೆಗೆ ಮುನ್ನ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವುದನ್ನು ಮರೆಯುವಂತಿಲ್ಲ.

ಸಂಜೆ, ಅಂದು ಕಾದು ಕುಳಿತವರಲ್ಲಿ ಒಬ್ಬರನ್ನು ಕೂರಿಸಿಕೊಂಡು ಆ ಗಂಟೆಗಳ ಬಗ್ಗೆ ಕೇಳುತ್ತೇನೆ. ಎರಡನೆಯ ವರ್ಷ ಹೆಂಡತಿ ಹೇಳಿದಳು: ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದುದರಿಂದ ಅವಳ ಮೊಣಕಾಲು ವಾರವಿಡೀ ನೋಯುತ್ತಿತ್ತಂತೆ. ಮೂರನೆಯ ವರ್ಷ ಮಗ, ನನ್ನ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಕೊಟ್ಟಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತಿದ್ದೆ ಎಂದ. ಇವನ್ನು ಕೇಳುವಾಗ ನನಗೆ ಆಗುವುದು ಸಂತೋಷವೋ ಅಪರಾಧಿ ಭಾವವೋ ಇನ್ನೂ ಬಿಡಿಸಿ ಹೇಳಲಾರೆ. ಎರಡೂ ಇವೆ, ಇರಲಿ ಎಂದುಕೊಂಡಿದ್ದೇನೆ.

ಈ ವರ್ಷ ಅಕ್ಕನ ಸರದಿ. ಅವಳು ಆ ದಿನದ ಬಗ್ಗೆ ಎಂದೂ ಮಾತಾಡಿದವಳಲ್ಲ. ಬಹಳ ಹೊತ್ತು ಸುಮ್ಮನಿದ್ದು, ಶಸ್ತ್ರಚಿಕಿತ್ಸಕರು ಹೊರಗೆ ಬಂದು ಹೃದಯ ಮತ್ತೆ ಬಡಿಯತೊಡಗಿದೆ ಎಂದಾಗ ತಾನು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಗಂಟೆಗೆ ಎಂದು ಹೇಳಿದಳು. ಅವರು ಹೇಳಿದ ಸಮಯವನ್ನು ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡು, ನಾಲ್ಕು ವರ್ಷ ತನ್ನ ಪರ್ಸಿನಲ್ಲೇ ಇಟ್ಟುಕೊಂಡಿದ್ದಳು. ಮಡಿಕೆಗಳಲ್ಲಿ ಸವೆದ ಆ ಚೀಟಿಯನ್ನು ಬಿಚ್ಚಿ ನನ್ನ ಕೈಗಿತ್ತಳು: ಮಧ್ಯಾಹ್ನ 1 ಗಂಟೆ 40 ನಿಮಿಷ. ಹೊಸ ಐಎನ್‌ಆರ್ ಪುಸ್ತಕದ ಮೊದಲ ಪುಟದಲ್ಲಿ, ಈ ತಿಂಗಳ ಅಂಕಿಯ ಮೇಲೆ, ನಾನು ಅದನ್ನು ಬರೆದಿಟ್ಟಿದ್ದೇನೆ.